ಹೃದಯಾಘಾತ: ಚಿಕಿತ್ಸೆಯ ಫಲಾಫಲ

ಹೃದಯಾಘಾತದ ಮಾತು ಈಗ ನಮ್ಮ ಹಳ್ಳಿಗಳ ಕಟ್ಟೆಯ ಮೇಲೂ ಕೇಳಿಬರುತ್ತದೆ. ಅದರ ಬೆನ್ನಿಗೇ ಸ್ಟೆಂಟ್, ಬೈಪಾಸ್ ಎಂಬ ಶಬ್ದಗಳೂ ಬರುತ್ತವೆ. “ಸ್ಟೆಂಟ್ ಹಾಕ್ಯಾರ, ಇನ್ನ ಚಿಂತಿಲ್ಲ” ಎನ್ನುವವರು ಕೆಲವರು. “ಅಷ್ಟು ರೊಕ್ಕ ಸುರುವಿದರೂ ಉಳೀಲಿಲ್ಲ” ಎನ್ನುವವರು ಕೆಲವರು. ಎರಡೂ ನಿಜವಿರಬಹುದು. ಒಂದೇ ಚಿಕಿತ್ಸೆ ಒಬ್ಬನನ್ನು ಉಳಿಸಿ ಇನ್ನೊಬ್ಬನ ಕೈಬಿಡುವುದೇಕೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹೃದಯವು ದೇಹಕ್ಕೆಲ್ಲ ರಕ್ತವನ್ನು ಹಂಚುವ ಅಂಗ. ಆದರೆ ತನ್ನೊಳಗೆ ತುಂಬಿದ ರಕ್ತದಿಂದಲೇ ಅದು ಬದುಕಲಾರದು. ಅದರ ಸ್ನಾಯುವಿಗೆ ರಕ್ತವನ್ನು ಒದಗಿಸಲು ಮಹಾಧಮನಿಯ ಬುಡದಿಂದ ಎರಡು ಧಮನಿಗಳು ಹೊರಡುತ್ತವೆ. ಹೃದಯವನ್ನು ಕಿರೀಟದಂತೆ ಸುತ್ತುವರಿದಿರುವುದರಿಂದ ಅವುಗಳಿಗೆ ಕಿರೀಟ ಧಮನಿಗಳೆಂದು ಹೆಸರು. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಬಲ್ಲ ಗಂಗಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯದಲ್ಲಿ ನೀರು ತುಂಬಿದ್ದರೂ ಉಪಕಾಲುವೆ ಕಟ್ಟಿಕೊಂಡರೆ ಅದರ ಕೆಳಗಿನ ಭತ್ತದ ಗದ್ದೆ ಒಣಗುತ್ತದೆ. ಧಮನಿಯ ಒಳಗೋಡೆಯಲ್ಲಿ ವರ್ಷಾನುವರ್ಷ ಕೂಡಿದ ಕೊಬ್ಬಿನ ಪದರ ಒಂದು ದಿನ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ಆಗುವುದೂ ಇದೇ. ಗದ್ದೆ ಒಣಗಲು ದಿನಗಳು ಬೇಕು. ಹೃದಯದ ಸ್ನಾಯುವಾದರೋ ಅರ್ಧ ಗಂಟೆಯಲ್ಲಿಯೇ ಸಾಯತೊಡಗುತ್ತದೆ. 6ರಿಂದ 12 ಗಂಟೆಗಳಲ್ಲಿ ಆ ಭಾಗದ ಬಹುಪಾಲು ಸತ್ತಿರುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ.

ಮುಚ್ಚಿದ ದಾರಿಯನ್ನು ತೆರೆಯುವ ಉಪಾಯಗಳು ಮುಖ್ಯವಾಗಿ ಎರಡು. ಒಂದು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದು. ಎರಡನೆಯದು ಆಂಜಿಯೋಪ್ಲಾಸ್ಟಿ. ಇದರಲ್ಲಿ ಕೈಯ ಅಥವಾ ತೊಡೆಯ ಧಮನಿಯ ಮೂಲಕ ತೆಳುವಾದ ನಳಿಕೆಯನ್ನು ಹೃದಯದವರೆಗೆ ಸಾಗಿಸಿ, ಅಡಚಣೆಯಿದ್ದಲ್ಲಿ ಪುಟ್ಟ ಬಲೂನನ್ನು ಉಬ್ಬಿಸುತ್ತಾರೆ. ದಾರಿ ಮತ್ತೆ ಕುಗ್ಗದಂತೆ ಲೋಹದ ಜಾಲರಿಯ ಕೊಳವೆಯನ್ನು ಅಲ್ಲಿ ನಿಲ್ಲಿಸುತ್ತಾರೆ. ಆ ಕೊಳವೆಯೇ ಸ್ಟೆಂಟ್. ಆಂಡ್ರಿಯಾಸ್ ಗ್ರುನ್‌ಟ್ಸಿಗ್ ಎಂಬ ವೈದ್ಯರು 1977ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲ ಬಾರಿಗೆ ಎಚ್ಚರವಿದ್ದ ರೋಗಿಯ ಕಿರೀಟ ಧಮನಿಯನ್ನು ಬಲೂನಿನಿಂದ ಹಿಗ್ಗಿಸಿದರು. ಸ್ಟೆಂಟ್ ಬಂದದ್ದು 1986ರಲ್ಲಿ, ಫ್ರಾನ್ಸಿನಲ್ಲಿ. ಎದೆಯನ್ನು ತೆರೆದು ಮಾಡುವ ಬೈಪಾಸ್ ಶಸ್ತ್ರಕ್ರಿಯೆ ಸಾಮಾನ್ಯವಾಗಿ ಹಲವು ಧಮನಿಗಳು ಕೆಟ್ಟಿರುವವರಿಗೆ. ಆಘಾತದ ಮೊದಲ ಗಳಿಗೆಯಲ್ಲಿ ಅದರ ಅಗತ್ಯ ಬೀಳುವುದು ಅಪರೂಪ.

ಇನ್ನು ಫಲದ ಮಾತು. ಚುಚ್ಚುಮದ್ದಿನ ಗುಣವನ್ನು ಇಟಲಿಯ ವೈದ್ಯರು 11,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದರು. ನೋವು ಕಂಡ ಒಂದು ಗಂಟೆಯೊಳಗೆ ಮದ್ದು ಪಡೆದವರಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. 6 ಗಂಟೆ ಕಳೆದು ಬಂದವರಲ್ಲಿ ಲಾಭವೇ ಕಾಣಲಿಲ್ಲ. ಆಂಜಿಯೋಪ್ಲಾಸ್ಟಿಯನ್ನೂ ಚುಚ್ಚುಮದ್ದನ್ನೂ ಹೋಲಿಸಿದ 23 ಪರೀಕ್ಷೆಗಳನ್ನು 2003ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಮೊದಲ ಕೆಲವು ವಾರಗಳಲ್ಲಿ ತೀರಿಕೊಂಡವರು ಚುಚ್ಚುಮದ್ದಿನವರಲ್ಲಿ ನೂರಕ್ಕೆ 9, ಆಂಜಿಯೋಪ್ಲಾಸ್ಟಿಯವರಲ್ಲಿ ನೂರಕ್ಕೆ 7. ಮತ್ತೊಮ್ಮೆ ಆಘಾತವಾದವರು ಕ್ರಮವಾಗಿ ನೂರಕ್ಕೆ 7 ಮತ್ತು 3. ಆಂಜಿಯೋಪ್ಲಾಸ್ಟಿಯೇ ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಸಕಾಲದಲ್ಲಿ ದೊರೆತರೆ ಮಾತ್ರ.

ಕಾಲ ಮೀರಿದರೆ ಏನಾಗುತ್ತದೆ? ಆಘಾತವಾಗಿ ಮೂರು ದಿನಗಳಿಂದ ನಾಲ್ಕು ವಾರಗಳ ತನಕ ಧಮನಿ ಪೂರ್ತಿ ಮುಚ್ಚಿಯೇ ಇದ್ದು, ಬೇರೆ ತೊಂದರೆಯಿಲ್ಲದೆ ಸ್ಥಿರವಾಗಿದ್ದ ರೋಗಿಗಳ ಮೇಲಿನ ಪರೀಕ್ಷೆಯೊಂದು 2006ರಲ್ಲಿ ಹೊರಬಂತು. ಅವರ ಧಮನಿಯನ್ನು ತೆರೆದುದರಿಂದ ಸಾವಾಗಲಿ ಮರು ಆಘಾತವಾಗಲಿ ಕಡಿಮೆಯಾಗಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ!

ಈ ದೃಷ್ಟಿಯಿಂದ ನಮ್ಮ ಸೀಮೆಯನ್ನು ನೋಡಬೇಕು. ಆಂಜಿಯೋಪ್ಲಾಸ್ಟಿಯನ್ನು ಹಗಲಿರುಳೂ ಮಾಡಬಲ್ಲ ಕೇಂದ್ರಗಳು ದೊಡ್ಡ ನಗರಗಳಲ್ಲಿಯೇ ಹೆಚ್ಚು. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡ ದೊರೆಯಿತು; ಆದರೆ ಅದು ಕೊಪ್ಪಳದಿಂದ 200 ಕಿಲೋಮೀಟರಿಗೂ ದೂರ. ಹುಬ್ಬಳ್ಳಿಯೂ 100 ಕಿಲೋಮೀಟರಿಗೆ ಮೇಲೆಯೇ. ಕುಷ್ಟಗಿ, ಯಲಬುರ್ಗಾಗಳ ಒಳಹಳ್ಳಿಯವನು ಮೊದಲು ತಾಲ್ಲೂಕಿನ ಊರಿಗೆ ಬರಬೇಕು, ಆಮೇಲೆ ಈ ದಾರಿ ಹಿಡಿಯಬೇಕು. ವೈದ್ಯಶಾಸ್ತ್ರದ ನಿಯಮವಾದರೋ ಸ್ಪಷ್ಟವಾಗಿದೆ: ರೋಗ ತಿಳಿದ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲವಾದರೆ, ಧಮನಿ ಪೂರ್ತಿ ಮುಚ್ಚಿದೆಯೆಂದು ಇಸಿಜಿ ತೋರಿಸುವ ರೋಗಿಗೆ ಚುಚ್ಚುಮದ್ದನ್ನು ಇದ್ದಲ್ಲಿಯೇ ಕೊಡಬೇಕು, ಆಮೇಲೆ ಕಳುಹಿಸಬೇಕು. ಹೀಗೆ ಮಾಡಿದರೆ ಫಲ ನೇರ ಆಂಜಿಯೋಪ್ಲಾಸ್ಟಿಗೆ ಸಮೀಪವೇ ಇರುತ್ತದೆಂದು 2013ರಲ್ಲಿ ಹೊರಬಂದ ಪರೀಕ್ಷೆಯೊಂದು ತೋರಿಸಿತು. ಮದ್ದಿಗೆ ಅಪಾಯವೂ ಉಂಟು: ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂದು ವೈದ್ಯರು ಕೇಳುವುದು ಅದಕ್ಕಾಗಿಯೇ.

2021ರಲ್ಲಿ 46ನೆಯ ವಯಸ್ಸಿಗೇ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ. ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಂದ ಓದಿಸಿ, ದುಬಾರಿಯಾದ ಮದ್ದನ್ನು ಉಚಿತವಾಗಿ ಕೊಡುವುದು. ಇಂಥದೇ ಜಾಲವೊಂದನ್ನು ತಮಿಳುನಾಡಿನಲ್ಲಿ ಕಟ್ಟಿ ನೋಡಿದಾಗ ಒಂದು ವರ್ಷದೊಳಗಿನ ಸಾವು ನೂರಕ್ಕೆ 17.6ರಿಂದ 14.2ಕ್ಕೆ ಇಳಿಯಿತೆಂದು 2017ರಲ್ಲಿ ವರದಿಯಾಗಿದೆ.

ಆದರೆ ಯಾವ ಯೋಜನೆಯೂ ರೋಗಿಯ ಮನೆಯ ಹೊಸ್ತಿಲೊಳಗೆ ಬಂದು ಅವನನ್ನು ಎತ್ತಿಕೊಂಡು ಹೋಗದು. ಭಾರತದ 20,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಇಂಥ ಆಘಾತವಾದವರು ಆಸ್ಪತ್ರೆ ಮುಟ್ಟಲು ಸಾಮಾನ್ಯವಾಗಿ ಹಿಡಿದ ಕಾಲ ಸುಮಾರು 300 ನಿಮಿಷ, ಎಂದರೆ ಐದು ಗಂಟೆ! ಬಡವರಿಗೆ ಒಳ್ಳೆಯ ಚಿಕಿತ್ಸೆ ದೊರೆತದ್ದೂ ಕಡಿಮೆ, ಅವರಲ್ಲಿ ಸಾವೂ ಹೆಚ್ಚು. “ಗ್ಯಾಸ್ ಆಗಿರಬೇಕು, ಸೋಡಾ ಕುಡಿ, ಮುಂಜಾನೆ ನೋಡೋಣ” ಎಂಬ ಮಾತಿನಲ್ಲಿ ಈ ಐದು ಗಂಟೆಗಳ ಎಷ್ಟೋ ಪಾಲು ಕಳೆದುಹೋಗುತ್ತದೆ. ಎದೆಯ ನಡುವೆ ಒತ್ತಿದಂಥ ನೋವು, ಅದು ಎಡತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು, ಇವು ಕಂಡರೆ ಮುಂಜಾನೆಯ ಬಸ್ಸಿಗೆ ಕಾಯದೆ 108ಕ್ಕೆ ಕರೆಮಾಡತಕ್ಕದ್ದು. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ, ಸ್ತ್ರೀಯರಲ್ಲಿ ನೋವು ಮಂದವಾಗಿರಬಹುದು ಎಂಬುದನ್ನೂ ನೆನಪಿಡಬೇಕು.

ಸ್ಟೆಂಟ್ ಹಾಕಿದ ಮೇಲೆ ಚಿಂತೆಯೇ ಇಲ್ಲವೆಂಬ ಮಾತೂ ಸರಿಯಲ್ಲ. ಅದು ತೆರೆಯುವುದು ಒಂದು ಕಡೆಯ ಅಡಚಣೆಯನ್ನು. ರೋಗವಿರುವುದು ಎಲ್ಲ ಧಮನಿಗಳ ಗೋಡೆಯಲ್ಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಪ್ರಾಣಾಪಾಯವಾದೀತು. ಬೀಡಿ, ಸಿಗರೇಟು, ತಂಬಾಕುಗಳನ್ನು ಬಿಡದವನಿಗೆ ಯಾವ ಸ್ಟೆಂಟೂ ಕಾವಲು ನಿಲ್ಲದು.

ನಮ್ಮಲ್ಲಿ ವೈದ್ಯರಾಗುವವರು ಯಾರೂ ಇರಲಿಕ್ಕಿಲ್ಲ. ಆದರೆ ಏಳೂ ತಾಲ್ಲೂಕುಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ನಾವು ಮನೆಯಲ್ಲಿ ಅಕ್ಷರ ಬಲ್ಲವರೆಂದು ಹೆಸರಾದವರು. ಅಪರಾತ್ರಿಯಲ್ಲಿ ಹಿರಿಯರು ಎದೆ ಹಿಡಿದುಕೊಂಡು ಕುಳಿತಾಗ ಎಲ್ಲರೂ ನಮ್ಮ ಮುಖವನ್ನೇ ನೋಡುತ್ತಾರೆ. ಆ ಹೊತ್ತಿನಲ್ಲಿ “ಈಗಲೇ ಹೋಗೋಣ” ಎಂದು ಹೇಳುವ ಧೈರ್ಯ ನಮ್ಮಲ್ಲಿದ್ದರೆ, ಚಿಕಿತ್ಸೆಯ ಅರ್ಧ ಫಲ ಅಲ್ಲಿಯೇ ಕೈಗೂಡಿದಂತೆ.