ನೀರುಗದ್ದೆಯ ಚೌಕಬಾಲದ ಎರೆಹುಳು

ನೀರು ನಿಂತ ಭತ್ತದ ಗದ್ದೆಯಲ್ಲಿಯೂ, ಹಳ್ಳತೋಡುಗಳ ಅಂಚಿನ ಕೆಸರಿನಲ್ಲಿಯೂ ಒಂದು ಬಗೆಯ ಎರೆಹುಳುವು ವಾಸಿಸುವುದುಂಟು. ನಾಟಿಯ ಕಾಲದಲ್ಲಿ ಆಳುಗಳ ಕೈಕಾಲಿಗೆ ತಗಲುವ ಈ ಹುಳುವನ್ನು ಕಂಡು, ಇದು ಪೈರಿನ ಬೇರನ್ನು ಕಡಿಯುವುದೆಂದು ಭಾವಿಸಿ ಗದ್ದೆಗೆ ವಿಷದ ಔಷಧಿಯನ್ನು ಹಾಕಿಸುವವರು ಇದ್ದಾರೆ. ಮತ್ತೆ ಕೆಲವರು, ಎರೆಹುಳುಗಳೆಲ್ಲವೂ ಒಂದೇ ಎಂದು ತಿಳಿದು, ಗೊಬ್ಬರದ ತೊಟ್ಟಿಗೆಂದು ಮಾರುವ ಹುಳುಗಳನ್ನು ಹಣ ಕೊಟ್ಟು ತಂದು ನೀರುಗದ್ದೆಗೆ ಬಿಡುವರು. ಎರಡೂ ನಷ್ಟದ ಕೆಲಸಗಳೇ. ಈ ಹುಳುವಿನ ದೇಹರಚನೆಯನ್ನೂ, ಪ್ರಾಣಿವರ್ಗದಲ್ಲಿ ಅದಕ್ಕಿರುವ ಸ್ಥಾನವನ್ನೂ ಅರಿತರೆ ಇದರ ಕಾರಣವು ತಾನಾಗಿ ವಿಶದವಾಗುವುದು.

ಎರೆಹುಳುವಿಗೆ ಶ್ವಾಸಕೋಶವಿಲ್ಲ, ತೇವವಾದ ಚರ್ಮದ ಮೂಲಕವೇ ಅದು ಉಸಿರಾಡುವುದು. ಪ್ರಾಣವಾಯುವು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗವು ಸುಮಾರು 10,000 ಪಾಲು ಕಡಮೆ. ಹರಿಯುವ ತಿಳಿನೀರಿನಲ್ಲಿಯಾದರೆ ಹೊಲದ ಎರೆಹುಳುವೂ ಕೆಲವು ದಿನ ಜೀವಿಸಬಲ್ಲುದು. ಆದರೆ ಗದ್ದೆಯಲ್ಲಿ ನೀರು ಕಟ್ಟಿದ ಮೇಲೆ, ಮೇಲ್ಭಾಗದ ತೆಳುವಾದ ಪದರವೊಂದನ್ನುಳಿದು ಕೆಳಗಿನ ಕೆಸರಿನಲ್ಲಿ ಪ್ರಾಣವಾಯುವು ಬಹುಬೇಗ ಮುಗಿದುಹೋಗುವುದು. ಕೆಸರನ್ನು ಕಾಲಿನಿಂದ ತುಳಿದಾಗ ಏಳುವ ದುರ್ವಾಸನೆಯೇ ಇದಕ್ಕೆ ಸಾಕ್ಷಿ. ಅಂತಹ ನೆಲದಲ್ಲಿ ಬಾಳಬೇಕಾದ ಹುಳುವಿಗೆ ಬೇರೆ ಉಪಾಯವು ಅವಶ್ಯಕ.

ಆ ಉಪಾಯವಿರುವುದು ಬಾಲದಲ್ಲಿ. ಹುಳುವು ತಲೆಯನ್ನು ಕೆಳಗೆ ಮಾಡಿ ಕೆಸರಿನೊಳಗೆ ಮೇಯುತ್ತಿರುವಾಗ, ಬಾಲದ ತುದಿಯನ್ನು ಕೆಸರಿನ ಮೇಲಕ್ಕೆ, ಗಾಳಿ ತಗಲುವ ನೀರಿನತ್ತ ಚಾಚಿಕೊಂಡಿರುವುದು. ಅದರ ರಕ್ತವು ಕೆಂಪು. ಪ್ರಾಣವಾಯುವನ್ನು ಹೊರುವ ಕೆಂಪು ವಸ್ತುವು ನಮ್ಮಲ್ಲಿರುವಂತೆ ಕಣಗಳಲ್ಲಿ ಅಡಗಿರದೆ ರಕ್ತದ ದ್ರವದಲ್ಲಿಯೇ ಕರಗಿರುತ್ತದೆ. ಬಾಲದಲ್ಲಿ ಹೀರಿದ ಪ್ರಾಣವಾಯುವು ಹೀಗೆ ತಲೆಯವರೆಗೂ ಸಾಗುವುದು. ಬಾಲವು ಗುಂಡಾಗಿರದೆ ನಾಲ್ಕು ಮೂಲೆಗಳುಳ್ಳದ್ದಾಗಿರುವುದು. ಒಂದೇ ಗಾತ್ರದ ದುಂಡು ಬಾಲಕ್ಕಿಂತ ಇದರಲ್ಲಿ ಚರ್ಮದ ಹರವು ಹೆಚ್ಚು. ಗದ್ದೆಯ ಬದುವಿನ ಮೇಲೆ ಸದ್ದಿಲ್ಲದೆ ಕುಳಿತು ನೋಡಿದರೆ ಈ ತುದಿಗಳು ಕಾಣುವುವು. ಹೆಜ್ಜೆಯ ಸಪ್ಪಳ ತಾಗಿದೊಡನೆ ಒಳಕ್ಕೆ ಸೇರಿಬಿಡುವುವು. ಕೊಕ್ಕರೆಗಳಿಗೆ ಈ ವಿಷಯವು ನಮಗಿಂತ ಮೊದಲೇ ತಿಳಿದಿದೆ.

ಆಫ್ರಿಕಾ ಖಂಡದ ಜೌಗುಗಳಲ್ಲಿರುವ ಆಲ್ಮಾ ಎಂಬ ಹುಳುವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದು ಬಾಲದ ಅಂಚುಗಳನ್ನು ಮೇಲಕ್ಕೆ ಮಡಿಸಿ ಕೊಳವೆಯಂತೆ ಮಾಡಿಕೊಂಡು, ಗಾಳಿಯನ್ನೇ ಅದರಲ್ಲಿ ಹಿಡಿದು ಉಸಿರಾಡುವುದು. ಬೀಡಲ್ ಎಂಬ ಪ್ರಾಣಿಶಾಸ್ತ್ರಜ್ಞನು ಈ ಬಗೆಯ ಹುಳುವಿನ ಉಸಿರಾಟವನ್ನು ಪರೀಕ್ಷಿಸಿ 1957ರಲ್ಲಿ ವಿವರಗಳನ್ನು ಪ್ರಕಟಿಸಿದನು.

ನಮ್ಮ ಗದ್ದೆಯ ಹುಳುವು ಸೇರಿರುವ ಕುಲದ ಹೆಸರು ಗ್ಲೈಫಿಡ್ರಿಲಸ್. ಹಾಲೆಂಡ್ ದೇಶದ ಹೋರ್ಸ್ಟ್ ಎಂಬ ವಿದ್ವಾಂಸನು 1889ರಲ್ಲಿ ಇದನ್ನು ಸ್ಥಾಪಿಸಿದನು. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಪಶ್ಚಿಮ ಘಟ್ಟದ ಸೀಮೆಯಲ್ಲಿ, ಕಂಡುಬರುವ ಪ್ರಭೇದಕ್ಕೆ ಮಿಖೆಲ್ಸನ್ ಎಂಬ ಜರ್ಮನ್ ಪಂಡಿತನು 1910ರಲ್ಲಿ ಗ್ಲೈಫಿಡ್ರಿಲಸ್ ಅನ್ನಂಡೇಲಿ ಎಂದು ಹೆಸರಿಟ್ಟನು. ಮೊದಲು ಈ ಕುಲವನ್ನು ಗ್ಲಾಸೋಸ್ಕೋಲೆಸಿಡೇ ಎಂಬ ದೊಡ್ಡ ಕುಟುಂಬದಲ್ಲಿ ಸೇರಿಸಿದ್ದರು; ಈಗ ಮೇಲೆ ಹೇಳಿದ ಆಲ್ಮಾದೊಡನೆ ಆಲ್ಮಿಡೇ ಕುಟುಂಬದಲ್ಲಿ ಇಟ್ಟಿದ್ದಾರೆ.

ಚೌಕಬಾಲವೊಂದನ್ನೇ ನೋಡಿ ಕುಟುಂಬವನ್ನು ನಿರ್ಣಯಿಸಬಾರದು. ಯೂರೋಪಿನ ತೊರೆಗಳ ಅಂಚಿನಲ್ಲಿರುವ ಐಸೀನಿಯೆಲ್ಲಾ ಟೆಟ್ರಾಯೀಡ್ರಾ ಎಂಬ ಹುಳುವಿನ ಬಾಲವೂ ಚೌಕವೇ; ಆದರೆ ಅದು ಲುಂಬ್ರಿಸಿಡೇ ಎಂಬ ಬೇರೆ ಕುಟುಂಬಕ್ಕೆ ಸೇರಿದುದು. ಒಂದೇ ಬಗೆಯ ವಾಸಸ್ಥಾನವು ಸಂಬಂಧವಿಲ್ಲದ ಪ್ರಾಣಿಗಳಿಗೂ ಒಂದೇ ಬಗೆಯ ಆಕಾರವನ್ನು ಕೊಡುವುದುಂಟು. ಗ್ಲೈಫಿಡ್ರಿಲಸ್‌ನ ನಿಜವಾದ ಗುರುತೆಂದರೆ ಅದರ ರೆಕ್ಕೆಗಳು. ಪ್ರಾಯಕ್ಕೆ ಬಂದ ಎರೆಹುಳುವಿನ ಮೈಮೇಲೆ ದಪ್ಪನಾದ ಪಟ್ಟಿಯೊಂದು ಕಾಣುವುದಷ್ಟೆ. ಮೊಟ್ಟೆಯ ಕೋಶವು ತಯಾರಾಗುವುದು ಅಲ್ಲಿಯೇ. ಗ್ಲೈಫಿಡ್ರಿಲಸ್‌ನಲ್ಲಿ ಈ ಪಟ್ಟಿಯ ಎರಡು ಪಕ್ಕಗಳಲ್ಲಿಯೂ ಚರ್ಮವು ತೆಳುವಾದ ಅಂಚಾಗಿ ಹೊರಚಾಚಿರುವುದು. ಈ ರೆಕ್ಕೆಯು ತಲೆಯಿಂದ ಎಣಿಸಿ ಎಷ್ಟನೆಯ ಉಂಗುರದಲ್ಲಿ ಮೊದಲಾಗಿ ಎಷ್ಟನೆಯದರಲ್ಲಿ ಮುಗಿಯುವುದೆಂಬುದರ ಮೇಲೆ ಶಾಸ್ತ್ರಜ್ಞರು ಪ್ರಭೇದಗಳನ್ನು ಬೇರ್ಪಡಿಸುವರು. 2012 ಮತ್ತು 2013ರಲ್ಲಿ ಮಲೇಷ್ಯಾ ಮತ್ತು ಥಾಯ್ಲೆಂಡ್ ದೇಶಗಳಿಂದ ಹೊಸ ಪ್ರಭೇದಗಳು ವರ್ಣಿಸಲ್ಪಟ್ಟುವು. ಎಳೆಯ ಹುಳುವಿಗೆ ರೆಕ್ಕೆಯಿರುವುದಿಲ್ಲವಾದುದರಿಂದ ಅದರಿಂದ ಪ್ರಭೇದವನ್ನು ನಿಶ್ಚಯಿಸುವುದು ಕಷ್ಟ.

ಗದ್ದೆಯಲ್ಲಿ ಗುರುತಿಸಲು ಇಷ್ಟು ಪಾಂಡಿತ್ಯವು ಬೇಕಿಲ್ಲ. ಹುಳುವನ್ನು ತೊಳೆದು ಅಂಗೈಮೇಲಿಟ್ಟು ತಲೆಯಿಂದ ಬಾಲದವರೆಗೆ ಬೆರಳಾಡಿಸಿದರೆ, ಮುಂಭಾಗವು ದುಂಡಾಗಿಯೂ ಹಿಂಭಾಗವು ನಾಲ್ಕು ಏಣುಗಳಾಗಿಯೂ ತಿಳಿಯುವುದು. ಜಿಗಣೆಯ ಎರಡು ತುದಿಗಳಲ್ಲಿಯೂ ಕಚ್ಚಿಕೊಳ್ಳುವ ಬಟ್ಟಲುಗಳಿರುವುವು, ಇದಕ್ಕೆ ಇಲ್ಲ. ಚರಂಡಿಯ ರೊಚ್ಚಿನಲ್ಲಿ ಗುಂಪಾಗಿ ಬಾಲವಾಡಿಸುವ ನೂಲಿನಂತಹ ಕೆಂಪು ಹುಳುಗಳು ಟ್ಯೂಬಿಫೆಕ್ಸ್ ಎಂಬ ಇನ್ನೊಂದು ಪಂಗಡದವು.

ಈ ಹುಳುವಿಗೆ ಹಲ್ಲಿಲ್ಲ. ಕೊಳೆತ ಎಲೆ, ಸತ್ತ ಬೇರು ಮೊದಲಾದುವು ಬೆರೆತ ಕೆಸರನ್ನೇ ನುಂಗಿ, ಸಾರವನ್ನು ಹೀರಿ, ಉಳಿದುದನ್ನು ಹಿಕ್ಕೆಯಾಗಿ ಹೊರಹಾಕುವುದು. ಜೀವವಿರುವ ಬೇರನ್ನು ಕಡಿಯಲು ಅದಕ್ಕೆ ಸಾಧನವೇ ಇಲ್ಲ. ಪೈರು ಹಳದಿಯಾಗಿದ್ದರೆ ಕಾರಣವನ್ನು ಬೇರೆಡೆ ಹುಡುಕತಕ್ಕದ್ದು. ಕಾರ್ಬೋಫ್ಯೂರಾನ್ ಮೊದಲಾದ ಕಾರ್ಬಮೇಟ್ ವರ್ಗದ ಕೀಟನಾಶಕಗಳು ಎರೆಹುಳುಗಳಿಗೆ ಮಾರಕವಾದುವು. ಬೇರೊಂದು ಕೀಟಕ್ಕೆಂದು ಹಾಕಿದ ಹರಳುಮದ್ದು ಸಹ ಇವನ್ನು ಕೊಲ್ಲಬಹುದು.

ಮಾರಾಟದ ಹುಳುಗಳ ವಿಷಯವೂ ಇಷ್ಟೇ ಸ್ಪಷ್ಟವಾಗಿದೆ. ಪಶ್ಚಿಮ ಆಫ್ರಿಕಾ ಮೂಲದ ಯೂಡ್ರಿಲಸ್ ಯುಜೀನಿಯೇ, ಯೂರೋಪಿನಿಂದ ಬಂದ ಐಸೀನಿಯಾ ಫೆಟಿಡಾ, ಇವು ಸಗಣಿ ಮತ್ತು ತರಗಿನ ರಾಶಿಯಲ್ಲಿ ಬಾಳುವ ಹುಳುಗಳು. ಕೆಸರಿಗೆ ತಕ್ಕ ಬಾಲವು ಇವಕ್ಕಿಲ್ಲ. ನೀರು ಕಟ್ಟಿದ ಗದ್ದೆಗೆ ಇವನ್ನು ಬಿಟ್ಟರೆ ಒಂದೋ ಬದುವಿಗೆ ಹತ್ತಿ ಹೋಗುವುವು, ಇಲ್ಲವೇ ಸಾಯುವುವು. ತೊಟ್ಟಿಯಲ್ಲಿ ತಯಾರಾದ ಗೊಬ್ಬರವನ್ನು ಗದ್ದೆಗೆ ಹಾಕುವುದು ಲಾಭಕರ. ಹುಳುವನ್ನು ತೊಟ್ಟಿಯಲ್ಲಿಯೇ ಇರಿಸತಕ್ಕದ್ದು.

ಬದುವಿನಲ್ಲಿ ಹುಳುವು ಕೊರೆದ ಸಣ್ಣ ಬಿಲಗಳಿಂದ ನೀರು ಜಿನುಗಬಹುದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಏಡಿ ಮತ್ತು ಇಲಿಗಳ ಬಿಲಗಳ ಮುಂದೆ ಅದು ಅಲ್ಪವೇ ಸರಿ. ನಾಟಿಗೆ ಮುಂಚೆ ಬದುವನ್ನು ಕೆತ್ತಿ, ಕೆಸರು ಮೆತ್ತಿ ತುಳಿಸಿದರೆ ಸಾಕು. ಬೇಸಗೆಯಲ್ಲಿ ಗದ್ದೆ ಒಣಗಿದಾಗ ಹುಳುಗಳಿಗೆ ತೋಡಿನ ಪಕ್ಕದ ತೇವದ ನೆಲವೇ ಆಶ್ರಯ. ಆ ಜಾಗವನ್ನು ಹುಲ್ಲಿನೊಡನೆ ಹಾಗೆಯೇ ಬಿಟ್ಟಿರುವುದು ಒಳ್ಳೆಯದು. ಗುರುತು ಸಿಗದ ಹುಳುವನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಬಯಸುವವರು ಪಟ್ಟಿ ಮೂಡಿದ ದೊಡ್ಡ ಹುಳುವನ್ನೇ ಆರಿಸಿ, ಬಾಲ ತುಂಡಾಗದಂತೆ ತೆಗೆದು, ಮದ್ಯಸಾರದಲ್ಲಿಟ್ಟು, ಸಿಕ್ಕಿದ ಗದ್ದೆ, ದಿನ ಮತ್ತು ಆಗ ನೀರು ನಿಂತಿದ್ದಿತೇ ಎಂಬುದನ್ನು ಚೀಟಿಯಲ್ಲಿ ಬರೆದು ಕಳುಹಿಸಬೇಕು.