ಸರ್ವರ್ ಮಾತಾಡ್ತಿಲ್ಲ, ಯಾಕೆ?

ಮನೆಯಲ್ಲಿ ಐಟಿಯವರು ಒಬ್ಬರಾದರೂ ಇದ್ದರೆ ‘ಆನ್ ಕಾಲ್’ ಅನ್ನೋ ಪದ ಅಡುಗೆಮನೆವರೆಗೂ ಬಂದಿರುತ್ತೆ. ಆ ವಾರ ಸಿನಿಮಾಕ್ಕೆ ಹೋಗುವ ಹಾಗಿಲ್ಲ. ಊರಿಗೆ ಹೊರಟರೆ ಲ್ಯಾಪ್‌ಟಾಪೂ ಜೊತೆಗೆ ಬರಬೇಕು. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಎಡಗೈ ಜೇಬಿನ ಫೋನ್ ಮೇಲೆಯೇ ಇರುತ್ತೆ. ಇವರು ಯಾವುದಕ್ಕೆ ಹೆಚ್ಚು ಹೆದರುತ್ತಾರೆ ಅಂತ ಕೇಳಿದರೆ ಹೊರಗಿನವರು ‘ಕೆಂಪು ಅಲರ್ಟ್‌ಗೆ’ ಅಂತಾರೆ. ಕೆಂಪು ಬಂದರೆ ಪರವಾಗಿಲ್ಲ ರೀ! ಡಿಸ್ಕ್ ತುಂಬಿದೆ, ಡೇಟಾಬೇಸ್ ಬಿದ್ದಿದೆ ಅಂತ ಅದು ಏನೋ ಒಂದು ಹೇಳುತ್ತೆ. ನಿಜವಾಗಿ ತಲೆ ಕೆಡಿಸೋದು ಏನನ್ನೂ ಹೇಳದ ಚೆಕ್. ಪರದೆ ಮೇಲೆ ಒಂದೇ ಸಾಲು: ‘ಎನ್‌ಆರ್‌ಪಿಇ: ಅನೇಬಲ್ ಟು ರೀಡ್ ಔಟ್‌ಪುಟ್’. ಕೇಳಿದೆವು, ಉತ್ತರ ಬರಲಿಲ್ಲ ಅಂತ ಇದರ ಅರ್ಥ. ಸರ್ವರ್ ಚೆನ್ನಾಗಿದೆಯೋ, ಹೊತ್ತಿ ಉರಿಯುತ್ತಿದೆಯೋ, ಈ ಸಾಲಿನಿಂದ ತಿಳಿಯೋದಿಲ್ಲ.

ಈ ಸಾಲು ಬರೋದು ನಾಗಿಯೋಸ್ ಎಂಬ ವ್ಯವಸ್ಥೆಯಿಂದ. ಅಮೆರಿಕದ ಈಥನ್ ಗಾಲ್‌ಸ್ಟಾಡ್ 1999ರಲ್ಲಿ ಇದನ್ನು ‘ನೆಟ್‌ಸೇಂಟ್’ ಎಂಬ ಹೆಸರಲ್ಲಿ ಹೊರತಂದರು. ಆ ಹೆಸರಿಗೆ ಟ್ರೇಡ್‌ಮಾರ್ಕ್ ತಕರಾರು ಎದ್ದು, 2002ರಲ್ಲಿ ನಾಗಿಯೋಸ್ ಆಯಿತು. ಇದರಿಂದ ಕವಲೊಡೆದದ್ದು ಐಸಿಂಗಾ, ಇದರ ಮೇಲೆಯೇ ಬೆಳೆದದ್ದು ಚೆಕ್‌ಎಂಕೆ. ಹೊಸ ಸ್ಟಾರ್ಟಪ್‌ಗಳು ಪ್ರೊಮಿಥಿಯಸ್, ಗ್ರಫಾನಾ ಅಂತ ಮುಂದೆ ಹೋಗಿರಬಹುದು. ಆದರೆ ಹಳೆಯ ಸರ್ವರ್ ರೂಮುಗಳಲ್ಲಿ ಈ ಕುಟುಂಬದ ಸಾಫ್ಟ್‌ವೇರ್‌ಗಳೇ ಇನ್ನೂ ಕಾವಲು ಕಾಯುತ್ತಿವೆ.

ಕೆಲಸ ನಡೆಯೋದು ಹೀಗೆ. ಒಂದು ಮಾನಿಟರಿಂಗ್ ಸರ್ವರ್ ಇರುತ್ತೆ. ದೂರದ ಯಂತ್ರದೊಳಗೆ ಎನ್‌ಆರ್‌ಪಿಇ ಎಂಬ ಏಜೆಂಟ್ 5666ನೇ ಪೋರ್ಟ್‌ನಲ್ಲಿ ಕಾದು ಕೂತಿರುತ್ತೆ. ‘ಡಿಸ್ಕ್ ಹೇಗಿದೆ ನೋಡಪ್ಪ’ ಅಂತ ಇಲ್ಲಿಂದ ಕೇಳಿದರೆ ಏಜೆಂಟ್ ಅಲ್ಲೇ ಒಂದು ಪುಟ್ಟ ಸ್ಕ್ರಿಪ್ಟ್ ಓಡಿಸುತ್ತೆ. ಅದಕ್ಕೆ ಪ್ಲಗಿನ್ ಅಂತಾರೆ. ಪ್ಲಗಿನ್ ಎರಡು ಉತ್ತರ ಕೊಡಬೇಕು. ಒಂದು, ಮನುಷ್ಯರಿಗೆ ಅರ್ಥವಾಗುವ ಒಂದು ಸಾಲು. ಇನ್ನೊಂದು, ಯಂತ್ರಕ್ಕೆ ಬೇಕಾದ ಎಕ್ಸಿಟ್ ಕೋಡ್. 0 ಅಂದರೆ ಸರಿ, 1 ಎಚ್ಚರಿಕೆ, 2 ಅಪಾಯ, 3 ಅಂದರೆ ಗೊತ್ತಿಲ್ಲ.

ಕರೆಂಟ್ ಮೀಟರ್ ನೋಡಲು ಬಂದವರನ್ನು ನೆನಪು ಮಾಡಿಕೊಳ್ಳಿ. ಮನೆಗೆ ಬೀಗ ಇದ್ದರೆ ಅವರು ‘ಡೋರ್ ಲಾಕ್’ ಅಂತ ಬರೆದುಕೊಂಡು ಹೋಗ್ತಾರೆ. ಸೊನ್ನೆ ಯೂನಿಟ್ ಅಂತ ಬರೆಯೋದಿಲ್ಲ. ನಮ್ಮ ಸ್ಕ್ರಿಪ್ಟ್‌ಗಳಿಗೆ ಈ ಶಿಸ್ತು ತಾನಾಗಿ ಬರೋದಿಲ್ಲ, ಬರೆಯುವವರು ಕಲಿಸಬೇಕು. ಅದರ ಕಥೆಗೆ ಆಮೇಲೆ ಬರ್ತೀನಿ. ಮೊದಲು ಮಾತು ನಿಂತ ಜಾಗ ಹುಡುಕೋಣ.

ತುಂಬ ಜನ ಇಲ್ಲಿ ನೇರವಾಗಿ ಫೈರ್‌ವಾಲ್ ಕಡೆ ಓಡ್ತಾರೆ, ನೆಟ್‌ವರ್ಕ್ ತಂಡದವರನ್ನು ನಿದ್ದೆಯಿಂದ ಎಬ್ಬಿಸ್ತಾರೆ. ಬೇಡ. ಫೈರ್‌ವಾಲ್ ತಡೆದಿದ್ದರೆ ‘ಸಾಕೆಟ್ ಟೈಮ್‌ಔಟ್’ ಅಂತ ಬೇರೆಯೇ ದೂರು ಬರುತ್ತಿತ್ತು. ಏಜೆಂಟ್‌ನ ಅನುಮತಿ ಪಟ್ಟಿಯಲ್ಲಿ ನಿಮ್ಮ ಐಪಿ ಇಲ್ಲದಿದ್ದರೆ ಸಾಮಾನ್ಯವಾಗಿ ‘ಎಸ್‌ಎಸ್‌ಎಲ್ ಹ್ಯಾಂಡ್‌ಶೇಕ್’ ಆಗಲಿಲ್ಲ ಅಂತ ಬರುತ್ತೆ. ‘ಅನೇಬಲ್ ಟು ರೀಡ್ ಔಟ್‌ಪುಟ್’ ಅಂದರೆ ನಿಮ್ಮ ಪ್ರಶ್ನೆ ಏಜೆಂಟ್‌ವರೆಗೆ ತಲುಪಿದೆ, ಏಜೆಂಟ್ ವಾಪಸ್ ಉತ್ತರವನ್ನೂ ಕಳಿಸಿದೆ. ನಡುವೆ ಪ್ಲಗಿನ್ ಮಾತ್ರ ಬಾಯಿ ಬಿಟ್ಟಿಲ್ಲ. ಅನುಮಾನ ಇದ್ದರೆ ಮಾನಿಟರಿಂಗ್ ಸರ್ವರ್‌ನಿಂದ ‘ಚೆಕ್ ಎನ್‌ಆರ್‌ಪಿಇ’ ಆಜ್ಞೆಯನ್ನು ಯಾವ ಚೆಕ್‌ನ ಹೆಸರನ್ನೂ ಕೊಡದೆ ಓಡಿಸಿ. ಏಜೆಂಟ್ ತನ್ನ ವರ್ಷನ್ ನಂಬರ್ ಹೇಳಿದರೆ ದಾರಿ ಸರಿಯಿದೆ. ನೆಟ್‌ವರ್ಕ್‌ನವರು ಮಲಗಲಿ.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು. ದೂರದ ಯಂತ್ರಕ್ಕೆ ಲಾಗಿನ್ ಆಗಿ ಪ್ಲಗಿನ್ ಅನ್ನು ಕೈಯಿಂದ ಓಡಿಸ್ತಾರೆ. ಜುಮ್ ಅಂತ ಉತ್ತರ ಬರುತ್ತೆ. ‘ಇಲ್ಲಿ ಓಡ್ತಿದೆಯಲ್ಲ ಸ್ವಾಮಿ, ಅಲ್ಲಿ ಯಾಕೆ ಇಲ್ಲ?’ ಯಾಕೆಂದರೆ ನೀವು ಓಡಿಸಿದ್ದು ರೂಟ್ ಆಗಿ. ಯಜಮಾನರಿಗೆ ತೆರೆಯುವ ಬಾಗಿಲು ಆಳಿಗೂ ತೆರೆಯಬೇಕು ಅಂತಿಲ್ಲ. ಏಜೆಂಟ್ ಓಡೋದು ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯವಾಗಿ ‘ನಾಗಿಯೋಸ್’ ಎಂಬ ಯೂಸರ್ ಹೆಸರಲ್ಲಿ, ರೆಡ್ ಹ್ಯಾಟ್ ಕಡೆಯವುಗಳಲ್ಲಿ ‘ಎನ್‌ಆರ್‌ಪಿಇ’ ಎಂಬ ಯೂಸರ್ ಹೆಸರಲ್ಲಿ. ಅವರಿಗೆ ಆ ಲಾಗ್ ಫೈಲ್ ಓದುವ ಅಧಿಕಾರ ಇದೆಯಾ? ಸ್ಕ್ರಿಪ್ಟ್‌ಗೆ ಎಕ್ಸಿಕ್ಯೂಟ್ ಅನುಮತಿ ಇದೆಯಾ? ಅದು ಇರುವ ಫೋಲ್ಡರ್‌ನೊಳಗೆ ಕಾಲಿಡಲು ಬಿಡ್ತಾರಾ? ಹಾಗಾಗಿ ಪರೀಕ್ಷೆ ಮಾಡುವಾಗ ಸುಡೊ ಮೂಲಕ ಆ ಯೂಸರ್ ಆಗಿಯೇ ಓಡಿಸಿ. ಕಾನ್ಫಿಗ್ ಫೈಲ್‌ನಲ್ಲಿ ಇರುವ ಸಾಲನ್ನು ಅಕ್ಷರ ಬಿಡದೆ ನಕಲು ಮಾಡಿ ಓಡಿಸಿ. ನೆನಪಿನಿಂದ ಟೈಪ್ ಮಾಡಿದರೆ ಕೈ ತಾನಾಗಿ ಸರಿಯಾದ ದಾರಿಯನ್ನೇ ಬರೆದುಬಿಡುತ್ತೆ, ತಪ್ಪು ಫೈಲ್‌ನಲ್ಲೇ ಉಳಿಯುತ್ತೆ.

ದಾರಿ ತಪ್ಪೋದು ಬಹಳ ಸುಲಭ. ಡೆಬಿಯನ್‌ನಲ್ಲಿ ಪ್ಲಗಿನ್‌ಗಳು ‘ಲಿಬ್’ ಫೋಲ್ಡರ್‌ನ ಕೆಳಗೆ, 64 ಬಿಟ್ ರೆಡ್ ಹ್ಯಾಟ್‌ನಲ್ಲಿ ‘ಲಿಬ್64’ರ ಕೆಳಗೆ ಇರುತ್ತವೆ. ಒಂದು ಯಂತ್ರದ ಕಾನ್ಫಿಗ್ ಇನ್ನೊಂದಕ್ಕೆ ಎತ್ತಿ ಅಂಟಿಸಿದರೆ ಮುಗೀತು, ಪ್ಲಗಿನ್ ಇಲ್ಲದ ಜಾಗದಲ್ಲಿ ಏಜೆಂಟ್ ಹುಡುಕ್ತಾ ಇರುತ್ತೆ. ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ತಿದ್ದಿ ತಂದ ಸ್ಕ್ರಿಪ್ಟ್‌ನದು ಇನ್ನೊಂದು ಕಥೆ. ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿರುತ್ತೆ, ಲಿನಕ್ಸ್ ‘ಇಂಥ ಇಂಟರ್‌ಪ್ರೆಟರ್ ಇಲ್ಲ’ ಅಂತ ಮುಖ ತಿರುಗಿಸುತ್ತೆ.

ಮುಖ ತಿರುಗಿಸುವಾಗ ಗೊಣಗಿರುತ್ತಲ್ಲ, ಅದು ಎಲ್ಲಿ ಹೋಯಿತು? ಈ ಮೌನದ ಗುಟ್ಟು ಇಲ್ಲೇ ಇದೆ. ಲಿನಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಮ್‌ಗೂ ಮಾತಾಡಲು ಎರಡು ಬಾಯಿ. ಮಾಮೂಲಿ ಉತ್ತರಕ್ಕೆ ಸ್ಟ್ಯಾಂಡರ್ಡ್ ಔಟ್‌ಪುಟ್, ತಪ್ಪು ಹೇಳಿಕೊಳ್ಳಲು ಸ್ಟ್ಯಾಂಡರ್ಡ್ ಎರರ್. ಟರ್ಮಿನಲ್‌ನಲ್ಲಿ ಎರಡೂ ಒಟ್ಟಿಗೆ ಕಾಣೋದರಿಂದ ನಮಗೆ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಏಜೆಂಟ್ ಮಾತ್ರ ಮೊದಲನೆಯದನ್ನಷ್ಟೇ ಕೇಳಿಸಿಕೊಳ್ಳುತ್ತೆ. ‘ಫೈಲ್ ಸಿಗಲಿಲ್ಲ’, ‘ಅನುಮತಿ ಇಲ್ಲ’ ಅಂತ ಪ್ಲಗಿನ್ ಎರಡನೇ ಬಾಯಿಂದ ಕೂಗ್ತಾ ಇದ್ದರೂ ಅದರ ಕಿವಿಗೆ ಬೀಳೋದಿಲ್ಲ.

ಇದಕ್ಕೆ ಮದ್ದು ಅರ್ಧ ಸಾಲಿನದು. ಕಾನ್ಫಿಗ್‌ನಲ್ಲಿ ಆ ಕಮಾಂಡ್ ಸಾಲಿನ ಕೊನೆಗೆ 2>&1 ಅಂತ ಸೇರಿಸಿ, ಏಜೆಂಟ್ ಅನ್ನು ರೀಸ್ಟಾರ್ಟ್ ಮಾಡಿ. ಎರಡೂ ಬಾಯಿಯ ಮಾತು ಒಂದೇ ಕಡೆ ಹರಿಯುತ್ತೆ. ಅಲ್ಲಿಯವರೆಗೆ ಖಾಲಿ ಇದ್ದ ಮಾನಿಟರಿಂಗ್ ಪುಟದಲ್ಲಿ ನಿಜವಾದ ದೂರು ಕಾಣಿಸುತ್ತೆ. ನನ್ನನ್ನು ಕೇಳಿದರೆ ಬೇರೆಲ್ಲ ಪರೀಕ್ಷೆಗಿಂತ ಮೊದಲು ಇದನ್ನೇ ಮಾಡಿ. ಅರ್ಧ ರಾತ್ರಿಯ ಊಹಾಪೋಹ ಉಳಿಯುತ್ತೆ.

ಹೀಗೆ ಮಾಡಿದಾಗ ಹಳೆಯ ರೆಡ್ ಹ್ಯಾಟ್, ಸೆಂಟ್‌ಓಎಸ್ ಯಂತ್ರಗಳಲ್ಲಿ ಹೊರಬೀಳುವ ಒಂದು ಪ್ರಸಿದ್ಧ ದೂರು: ಸುಡೊ ಓಡಿಸಲು ಟಿಟಿವೈ ಬೇಕು. ಪ್ಲಗಿನ್‌ಗೆ ಹೆಚ್ಚಿನ ಅಧಿಕಾರ ಬೇಕಾದಾಗ ನಾವು ಕಮಾಂಡ್ ಹಿಂದೆ ಸುಡೊ ಹಾಕ್ತೀವಿ. ಆ ಯಂತ್ರಗಳ ಸುಡೊ ನಿಯಮದಲ್ಲಿ ‘ಎದುರಿಗೆ ಟರ್ಮಿನಲ್ ಇದ್ದರೆ ಮಾತ್ರ’ ಅನ್ನುವ ಷರತ್ತು ಇರುತ್ತಿತ್ತು. ನೀವು ಲಾಗಿನ್ ಆಗಿ ಓಡಿಸಿದರೆ ಎದುರಿಗೆ ಟರ್ಮಿನಲ್ ಇದೆ, ಕೆಲಸ ಆಗುತ್ತೆ. ಹಿನ್ನೆಲೆಯಲ್ಲಿ ಓಡುವ ಏಜೆಂಟ್‌ಗೆ ಟರ್ಮಿನಲ್ ಎಲ್ಲಿಂದ ಬರಬೇಕು? ಸುಡೊ ಪಾಸ್‌ವರ್ಡ್ ಕೇಳುತ್ತಿದ್ದರೂ ಇದೇ ಗತಿ. ಪರಿಹಾರ ಅಂತ ಏಜೆಂಟ್‌ಗೆ ಎಲ್ಲ ಅಧಿಕಾರ ಕೊಟ್ಟುಬಿಡಬೇಡಿ. ಆ ಒಂದು ಯೂಸರ್‌ಗೆ, ಆ ಒಂದೇ ಕಮಾಂಡ್‌ಗೆ ಪಾಸ್‌ವರ್ಡ್ ಮತ್ತು ಟಿಟಿವೈ ವಿನಾಯಿತಿ ಕೊಡಿ, ಸಾಕು.

ಇಷ್ಟಾದರೂ ಹಟ ಬಿಡದ ಯಂತ್ರಗಳಿವೆ. ರೂಟ್ ಆಗಿ ಓಡುತ್ತೆ, ಎನ್‌ಆರ್‌ಪಿಇ ಯೂಸರ್ ಆಗಿ ಓಡಿಸಿದರೂ ಓಡುತ್ತೆ, ಏಜೆಂಟ್ ಓಡಿಸಿದರೆ ಮಾತ್ರ ಇಲ್ಲ. ಇಲ್ಲಿ ಸಾಮಾನ್ಯವಾಗಿ ಎಸ್‌ಇಲಿನಕ್ಸ್ ಕೈವಾಡ ಇರುತ್ತೆ. ಅದು ‘ಯಾರು’ ಅನ್ನುವುದರ ಜೊತೆಗೆ ‘ಯಾವ ಸೇವೆಯ ಮೂಲಕ ಬಂದರು’ ಅಂತಲೂ ನೋಡುತ್ತೆ. ಆಡಿಟ್ ಲಾಗ್ ತೆರೆದರೆ ತಡೆದದ್ದಕ್ಕೆ ಸಾಕ್ಷಿ ಸಿಗುತ್ತೆ. ಎಸ್‌ಇಲಿನಕ್ಸ್ ಅನ್ನೇ ಪೂರ್ತಿ ಆಫ್ ಮಾಡಿ ಕೈತೊಳೆದುಕೊಳ್ಳುವ ಸಲಹೆ ಯೂಟ್ಯೂಬ್‌ನಲ್ಲಿ ಧಾರಾಳವಾಗಿ ಸಿಗುತ್ತೆ. ಇಲಿ ಬಂತು ಅಂತ ಮನೆಗೇ ಬೆಂಕಿ ಇಟ್ಟ ಹಾಗೆ. ಇನ್ನು ಸಿಸ್ಟಮ್‌ಡಿ ಕೆಲವು ಕಡೆ ಏಜೆಂಟ್‌ಗೆ ಪ್ರತ್ಯೇಕ ಟೆಂಪ್ ಫೋಲ್ಡರ್ ಕೊಟ್ಟಿರುತ್ತೆ. ನಿಮ್ಮ ಸ್ಕ್ರಿಪ್ಟ್ ಟೆಂಪ್‌ನಲ್ಲಿ ಬರೆದಿಟ್ಟ ಫೈಲ್ ನಿಮಗೆ ಕಾಣುತ್ತೆ, ಏಜೆಂಟ್‌ಗೆ ಕಾಣೋದಿಲ್ಲ. ಪಾತ್ ವೇರಿಯಬಲ್ ಕೂಡ ನಿಮ್ಮದೇ ಬೇರೆ, ಅದರದೇ ಬೇರೆ. ಸ್ಕ್ರಿಪ್ಟ್‌ನೊಳಗಿನ ಪ್ರತಿ ಕಮಾಂಡ್‌ಗೂ ಪೂರ್ತಿ ವಿಳಾಸ ಬರೆಯೋದು ಒಳ್ಳೇದು.

ಇಲ್ಲಿಯವರೆಗೆ ಹೇಳಿದ್ದು ಕೈಗೆ ಸಿಗುವ ಮೌನ. ಕನಿಷ್ಠಪಕ್ಷ ‘ಉತ್ತರ ಬರಲಿಲ್ಲ’ ಅಂತ ಗೊತ್ತಾಗುತ್ತೆ. ನನಗೆ ಹೆಚ್ಚು ಭಯ ಇರೋದು ಹಸಿರು ಬಣ್ಣದ ಮೌನದ ಬಗ್ಗೆ.

ಬಣ್ಣ ತೀರ್ಮಾನವಾಗೋದು ಎಕ್ಸಿಟ್ ಕೋಡ್‌ನಿಂದ, ಮಾತಿನಿಂದಲ್ಲ. ಒಂದು ಸ್ಕ್ರಿಪ್ಟ್ ಇದೆ ಅನ್ನಿ. ಬ್ಯಾಕಪ್ ಲಾಗ್‌ನಲ್ಲಿ ತಪ್ಪು ಹುಡುಕಿ, ಸಿಕ್ಕಿದ್ದನ್ನು ಪೈಪ್ ಮೂಲಕ ಇನ್ನೊಂದು ಕಮಾಂಡ್‌ಗೆ ಕಳಿಸುತ್ತೆ. ಲಾಗ್ ಫೈಲೇ ಇಲ್ಲ. ಮೊದಲ ಕಮಾಂಡ್ ಬಿತ್ತು. ಎರಡನೆಯದಕ್ಕೆ ಏನೂ ಬರಲಿಲ್ಲ, ಅದು ಏನನ್ನೂ ಬರೆಯದೆ ‘ನನ್ನ ಕೆಲಸ ಆಯ್ತು’ ಅಂತ 0 ಕೊಟ್ಟು ಹೋಯಿತು. ಶೆಲ್‌ನ ಪದ್ಧತಿಯಲ್ಲಿ ಪೈಪ್‌ನ ಕೊನೆಯ ಕಮಾಂಡ್ ಹೇಳಿದ್ದೇ ಫಲಿತಾಂಶ. ಚೆಕ್ ಹಸಿರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ನೋ ಔಟ್‌ಪುಟ್’ ಅಂತ ಇದ್ದರೂ ಹಸಿರನ್ನು ಯಾರು ಓದ್ತಾರೆ? ‘ಮೌನಂ ಸಮ್ಮತಿ ಲಕ್ಷಣಂ’ ಅನ್ನೋದು ಮದುವೆ ಮಾತುಕತೆಯಲ್ಲೇ ಎಷ್ಟೋ ಎಡವಟ್ಟು ಮಾಡಿದೆ, ಸರ್ವರ್ ರೂಮಿನಲ್ಲಿ ಬಿಡುತ್ತಾ?

2017ರ ಜನವರಿ 31ರ ಗಿಟ್‌ಲ್ಯಾಬ್ ಪ್ರಕರಣ ನೋಡಿ. ಡೇಟಾಬೇಸ್‌ನ ತೊಂದರೆ ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್‌ನಲ್ಲಿ ಅಳಿಸಬೇಕಾದ ಫೋಲ್ಡರ್ ಅನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಇಂಥ ಕೈತಪ್ಪು ಯಾರಿಂದಲೂ ಆಗಬಹುದು, ಬ್ಯಾಕಪ್ ಇರೋದೇ ಅದಕ್ಕೆ. ಬ್ಯಾಕಪ್ ಇಡುವ ಕ್ಲೌಡ್ ಬಕೆಟ್ ತೆರೆದು ನೋಡಿದರೆ ಖಾಲಿ! ಡೇಟಾಬೇಸ್ ಇದ್ದದ್ದು ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುತ್ತಿದ್ದ ಉಪಕರಣ 9.2ರದ್ದು. ಎರಡಕ್ಕೂ ಹೊಂದಾಣಿಕೆ ಆಗದೆ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಆ ದೂರು ಇಮೇಲ್ ಆಗಿ ಹೋಗುತ್ತಿತ್ತು ನಿಜ. ಆದರೆ ಡಿಮಾರ್ಕ್ ನಿಯಮಕ್ಕೆ ಬೇಕಾದ ಸಹಿ ಆ ಇಮೇಲ್‌ಗಳಿಗೆ ಇರಲಿಲ್ಲವೆಂದು ಅವು ತಿರಸ್ಕಾರವಾಗುತ್ತಿದ್ದವು. ದೂರು ಬರ್ತಿಲ್ಲ, ಹಾಗಾದರೆ ಎಲ್ಲ ಚೆನ್ನಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ನಡುವಿನ ಆರು ಗಂಟೆಯ ಕೆಲಸ ಹೋಯಿತು: ಸುಮಾರು 5000 ಪ್ರಾಜೆಕ್ಟ್‌ಗಳು, 5000 ಕಾಮೆಂಟ್‌ಗಳು, 700 ಹೊಸ ಬಳಕೆದಾರರ ಖಾತೆಗಳು. ಕಂಪನಿ ಏನನ್ನೂ ಮುಚ್ಚಿಡದೆ ಇದೆಲ್ಲವನ್ನೂ ಬರೆದು ಪ್ರಕಟಿಸಿತು, ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿತು. ಆ ಮರ್ಯಾದೆ ಅವರಿಗೆ ಸಲ್ಲಬೇಕು.

ಹಾಗಾಗಿ ಪ್ಲಗಿನ್ ಬರೆಯುವವರಿಗೆ ನನ್ನ ಒಂದು ತಕರಾರು. ಸ್ಕ್ರಿಪ್ಟ್‌ನ ಆರಂಭದ ಸ್ಥಿತಿ 3 ಆಗಿರಲಿ, ಅಂದರೆ ‘ಗೊತ್ತಿಲ್ಲ’. ಫೈಲ್ ಸಿಕ್ಕಿ, ಓದಿ, ಅಂಕಿ ಕೈಗೆ ಬಂದು, ಆ ಅಂಕಿ ನಿಜವಾಗಿ ಅಂಕಿಯೇ ಅಂತ ಖಾತ್ರಿಯಾದ ಮೇಲೆ ಮಾತ್ರ 0 ಆಗಲಿ. ಬ್ಯಾಷ್‌ನಲ್ಲಿ ‘ಪೈಪ್‌ಫೇಲ್’ ಆಯ್ಕೆ ಆನ್ ಮಾಡಿದರೆ ನಡುವೆ ಬಿದ್ದ ಕಮಾಂಡ್ ಮುಚ್ಚಿಹೋಗೋದಿಲ್ಲ. ಇನ್ನು ಬ್ಯಾಕಪ್‌ನಂಥ ಕೆಲಸಕ್ಕೆ ‘ತಪ್ಪಾದರೆ ಹೇಳು’ ಅನ್ನುವ ಏರ್ಪಾಡು ಸಾಲದು. ‘ಆದರೆ ಹೇಳು, ಹೇಳದಿದ್ದರೆ ನಾನೇ ಕೂಗ್ತೀನಿ’ ಅನ್ನಬೇಕು. ನಾಗಿಯೋಸ್‌ನಲ್ಲಿ ಇದಕ್ಕೆ ಫ್ರೆಶ್‌ನೆಸ್ ಚೆಕ್ ಇದೆ. ಪ್ರೊಮಿಥಿಯಸ್ ಬಳಸುವವರು ‘ವಾಚ್‌ಡಾಗ್’ ಎಂಬ ಅಲರ್ಟ್ ಇಡ್ತಾರೆ. ಅದು ಹಗಲೂ ರಾತ್ರಿ ಬೊಗಳುತ್ತಲೇ ಇರುತ್ತೆ. ಬೊಗಳೋದು ನಿಂತ ದಿನ ಅಲರ್ಟ್ ವ್ಯವಸ್ಥೆಯೇ ಸತ್ತಿದೆ ಅಂತ ಹೊರಗಿನ ಇನ್ನೊಂದು ಸೇವೆ ಎಚ್ಚರಿಸುತ್ತೆ.

ಇದೆಲ್ಲ ನಿಮ್ಮಲ್ಲಿ ಹೇಗಿದೆ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ತಂಡಕ್ಕೆ ಮೊದಲೇ ತಿಳಿಸಿ, ಬಿಡುವಿನ ಒಂದು ಮಧ್ಯಾಹ್ನ, ಟೆಸ್ಟ್ ಸರ್ವರ್‌ನಲ್ಲಿ ಒಂದು ಪ್ಲಗಿನ್ ಫೈಲ್‌ನ ಹೆಸರು ಬದಲಿಸಿ. ಯಾರ ಫೋನ್ ಹೊಡೆಯುತ್ತೆ, ಎಷ್ಟು ಹೊತ್ತಿಗೆ ಹೊಡೆಯುತ್ತೆ, ಪರದೆ ಮೇಲೆ ಏನು ಬರುತ್ತೆ ಅಂತ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆ ಕಳೆದರೂ ಯಾರ ಫೋನೂ ಹೊಡೆಯದಿದ್ದರೆ ಆ ಚೆಕ್ ಅನ್ನು ಅವತ್ತೇ ಬಿಚ್ಚಿ ನೋಡಿ. ಮನೆಗೆ ಹೊರಡೋ ಮೊದಲು ಫೈಲ್‌ಗೆ ಹಳೇ ಹೆಸರು ವಾಪಸ್ ಇಡೋದನ್ನ ಮಾತ್ರ ಮರೀಬೇಡಿ.