ನೌಕರಿ ಬಿಟ್ಟವರ ಷೇರು ಖಾತೆಯ ಗುಟ್ಟು

ಪ್ರಶ್ನೆ: ಕೆಲಸ ಬಿಟ್ಟು ಊರಿಗೆ ಮರಳಿದವರ ಷೇರು ಖಾತೆಯ ವಿವರ ಹಳೆಯ ಕಂಪನಿಗೆ ಹೋಗುತ್ತಲೇ ಇರುವುದೇ?
(ಓದುಗರು, ಪಂಚನಹಳ್ಳಿ)

ಉತ್ತರ: ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ಒಳವಹಿವಾಟು ನಿಷೇಧ ನಿಯಮಗಳ ಪ್ರಕಾರ, ಕಂಪನಿಯ ಬಹಿರಂಗವಾಗದ ಮಾಹಿತಿ ತಿಳಿಯಬಲ್ಲ ಆಯ್ದ ನೌಕರರು ತಮ್ಮ ದೊಡ್ಡ ವಹಿವಾಟುಗಳನ್ನು ಕಂಪನಿಗೆ ತಿಳಿಸಬೇಕಾಗಿದ್ದರೂ, ಆ ಹೊಣೆ ಸಾಮಾನ್ಯವಾಗಿ ನೌಕರಿಯೊಡನೆಯೇ ಮುಗಿಯುತ್ತದೆ. ವಿವರ ಸೋರಿಹೋಗುವ ದಾರಿ ಬೇರೆಯೇ ಇದೆ: ಡಿಮ್ಯಾಟ್ ಖಾತೆಗೆ, ಅಂದರೆ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿಡುವ ಖಾತೆಗೆ, ಕಚೇರಿಯ ಇಮೇಲ್ ಕೊಟ್ಟಿದ್ದರೆ, ಷೇರು ಠೇವಣಿ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳಿಸುವ ಒಟ್ಟು ಲೆಕ್ಕಪಟ್ಟಿ ಅಲ್ಲಿಗೇ ತಲುಪುತ್ತದೆ, ಅದನ್ನು ತೆರೆಯುವ ಪಾಸ್‌ವರ್ಡ್ ಆದ ಪ್ಯಾನ್ ಸಂಖ್ಯೆಯೂ ಸಂಬಳ ಕೊಟ್ಟ ಕಂಪನಿಯ ಬಳಿ ಇದ್ದೇ ಇರುತ್ತದೆ. ಆದ್ದರಿಂದ ಬ್ರೋಕರ್ ಬಳಿ ಇಮೇಲ್, ಮೊಬೈಲ್ ಬದಲಿಸಿ, ಕಂಪನಿಗೆ ಲೆಕ್ಕಪಟ್ಟಿಯ ಪ್ರತಿ ಕಳಿಸಲು ಹಿಂದೆ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ಲಿಖಿತವಾಗಿ ಹಿಂಪಡೆದು, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳಿತು.